ಜುಮಾ ದಿನದ ಓಟು: ಹೆದರಿಕೆಯೊಂದೇ ಲೆಕ್ಕವಾದರೆ ಸಾಲದು

2024ರ ಏಪ್ರಿಲ್ 26, ಶುಕ್ರವಾರ, ತಲಪಾಡಿಯ ಈಚೆ ಕಾಸರಗೋಡಿನಲ್ಲೂ ಆಚೆ ದಕ್ಷಿಣ ಕನ್ನಡದಲ್ಲೂ ಒಂದೇ ದಿನ ಲೋಕಸಭೆಗೆ ಓಟು. ಜುಮಾ ದಿನ ಬೇಡ, ಬದಲಿಸಿ ಎಂದು ಮುಸ್ಲಿಂ ಲೀಗ್ ಮತ್ತು ಸಮಸ್ತದವರು ಚುನಾವಣಾ ಆಯೋಗವನ್ನು ಕೇಳಿಕೊಂಡಿದ್ದರು. ಬದಲಾಗಲಿಲ್ಲ. ನಮ್ಮ ಬ್ಯಾರಿ ಕುಟುಂಬಗಳ ಪೈಕಿ ಗಡಿಯ ಎರಡೂ ಕಡೆ ನೆಂಟಸ್ತಿಕೆ ಇಲ್ಲದ ಮನೆ ಕಡಿಮೆ. ನನ್ನ ತವರು ಉಳ್ಳಾಲ, ಕೊಟ್ಟ ಮನೆ ಉಪ್ಪಳ. ಈ ಸಲದ ಪೆರ್ನಾಲ್‌ಗೆ ಹೋದಲ್ಲೆಲ್ಲ ಸಲಾಂ ಹೇಳಿ ಕೂತ ಕೂಡಲೇ ಶುರುವಾದದ್ದು ಓಟಿನ ಮಾತು. ಮುಗಿದದ್ದೂ ಅಷ್ಟೇ ಬೇಗ: "ಬಿಜೆಪಿ ಬರಬಾರದು, ಅಷ್ಟೇ. ಬೇರೆ ಏನು ಮಾತಾಡಲಿಕ್ಕಿದೆ?"

ಆ ಮಾತು ತಪ್ಪು ಎಂದು ನಾನು ಹೇಳುವುದಿಲ್ಲ. ಕಳೆದ ಹತ್ತು ವರ್ಷಗಳಲ್ಲಿ ಈ ಸಮುದಾಯ ಕಂಡದ್ದನ್ನು ಕಂಡ ಯಾರಿಗೂ ಅದರ ಹಿಂದಿನ ಹೆದರಿಕೆ ಅರ್ಥವಾಗುತ್ತದೆ. ಆದರೆ ಆ ಮಾತು ತಲಪಾಡಿಯ ಈಚೆ ನಮ್ಮ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಕೊಡುತ್ತದೆ ಎಂದು ಅಂದುಕೊಂಡೇ ನಾವು ಪ್ರತಿ ಸಲ ಬೂತಿಗೆ ಹೋಗುತ್ತಿದ್ದೇವೆ.

ಯಾಕೆ ಎಂದು ಹೇಳುತ್ತೇನೆ. ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ 2016ರಲ್ಲಿ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಗೆದ್ದದ್ದು ಕೇವಲ 89 ಓಟುಗಳಿಂದ. 2021ರಲ್ಲಿ ಎ.ಕೆ.ಎಂ. ಅಶ್ರಫ್ ಗೆದ್ದದ್ದು 745 ಓಟುಗಳಿಂದ. ಎರಡು ಸಲವೂ ಎದುರಿಗಿದ್ದದ್ದು ಬಿಜೆಪಿಯ ಕೆ. ಸುರೇಂದ್ರನ್. ಅಂಥ ಕಡೆ ಹೆದರಿಕೆಯ ಲೆಕ್ಕ ಸರಿಯಾದ ಲೆಕ್ಕವೇ. ಒಂದು ಮನೆಯವರು ಮದುವೆಗೆಂದು ಊರು ಬಿಟ್ಟರೆ ಫಲಿತಾಂಶ ಬದಲಾಗಬಹುದಾದ ಕ್ಷೇತ್ರ ಅದು. ಆದರೆ ಲೋಕಸಭಾ ಕ್ಷೇತ್ರ ಎಂದರೆ ಮಂಜೇಶ್ವರ ಮಾತ್ರ ಅಲ್ಲ. ಕಾಸರಗೋಡು, ಉದುಮ, ಕಾಞಂಗಾಡ್, ತ್ರಿಕರಿಪುರ, ಅದರಾಚೆ ಕಣ್ಣೂರು ಜಿಲ್ಲೆಯ ಪಯ್ಯನ್ನೂರು, ಕಲ್ಯಾಶ್ಶೇರಿ ಸೇರಿ ಏಳು. 2019ರಲ್ಲಿ ಕಾಂಗ್ರೆಸ್ಸಿನ ರಾಜ್‌ಮೋಹನ್ ಉಣ್ಣಿತ್ತಾನ್‌ಗೆ ಬಂದದ್ದು ಸುಮಾರು 4.74 ಲಕ್ಷ, ಸಿಪಿಎಂನ ಸತೀಶ್ ಚಂದ್ರನ್‌ಗೆ 4.34 ಲಕ್ಷ, ಬಿಜೆಪಿಯ ರವೀಶ ತಂತ್ರಿ ಕುಂಟಾರು ಅವರಿಗೆ 1.76 ಲಕ್ಷ. ಬಿಜೆಪಿ ಇಲ್ಲಿ ಒಮ್ಮೆಯೂ ಗೆದ್ದಿಲ್ಲ. ಸ್ಪರ್ಧೆ ಇರುವುದು ಕೈ ಮತ್ತು ಸುತ್ತಿಗೆಗಳ ನಡುವೆ. ಇವೆರಡೂ ದೆಹಲಿಯಲ್ಲಿ 'ಇಂಡಿಯಾ' ಒಕ್ಕೂಟದ ಒಂದೇ ಚಾಪೆಯಲ್ಲಿ ಕೂತ ಪಕ್ಷಗಳು. ಇಬ್ಬರಲ್ಲಿ ಯಾರು ಗೆದ್ದರೂ ಅವರು ಕೂರುವುದು ಮೋದಿಯವರ ಎದುರು ಸಾಲಿನಲ್ಲೇ. ಹಾಗಿರುವಾಗ "ಬಿಜೆಪಿ ಬರಬಾರದು" ಎಂಬ ಅಳತೆಗೋಲಿನಿಂದ ಇವರಿಬ್ಬರಲ್ಲಿ ಒಬ್ಬರನ್ನು ಆರಿಸುವುದು ಹೇಗೆ?

ಆಚೆ ಕಡೆಯ ಕತೆ ಬೇರೆ. ಮಂಗಳೂರು ಸೀಟು 1991ರಿಂದ ಬಿಜೆಪಿಯ ಕೈಯಲ್ಲಿದೆ. ಧನಂಜಯ ಕುಮಾರ್, ಸದಾನಂದ ಗೌಡ, ನಳಿನ್ ಕುಮಾರ್ ಕಟೀಲ್, 2024ರಲ್ಲಿ ಬ್ರಿಜೇಶ್ ಚೌಟ ನಿಂತಿದ್ದಾರೆ. ಎದುರಿಗೆ ಕಾಂಗ್ರೆಸ್ಸಿನ ಪದ್ಮರಾಜ್. ಅಲ್ಲಿ ನೇರ ಸ್ಪರ್ಧೆ, ನಮ್ಮವರಿಗೆ ಆಯ್ಕೆಯೇ ಸಣ್ಣದು. ಉಳ್ಳಾಲದಲ್ಲಿರುವ ನನ್ನ ತಮ್ಮ ಹೇಳುವುದು: "ದಾರಿಯೇ ಇಲ್ಲದವರಿಗೆ ಪ್ರಣಾಳಿಕೆ ಓದುವ ಕೆಲಸ ಯಾಕೆ? ನಮ್ಮ ಓಟನ್ನು ಕಾಂಗ್ರೆಸ್ಸಿನವರು ಹಾಕುವ ಮೊದಲೇ ಎಣಿಸಿ ಇಟ್ಟಿದ್ದಾರೆ." ಅವನ ಬೇಸರ ನ್ಯಾಯವಾದದ್ದು. ಅದಕ್ಕೇ ಹೇಳುವುದು, ಈಚೆ ಕಡೆಯ ನಮಗೆ ಒಂದು ಅನುಕೂಲ ಇದೆ. ನಮ್ಮ ಓಟಿಗೆ ಇಬ್ಬರು ಕೇಳುವವರಿದ್ದಾರೆ. ಇಬ್ಬರು ಗಿರಾಕಿ ಇರುವಾಗಲೂ ಕೇಳಿದ ಬೆಲೆಗೆ ಮೀನು ಕೊಡುವವರು ಯಾರಾದರೂ ಇದ್ದಾರೆಯೇ?

ಪಕ್ಷಗಳನ್ನು ತೂಗುವ ಮೊದಲು ಇನ್ನೊಂದು ವಿಷಯ. ಯಾವುದು ತಿರುವನಂತಪುರದ ಕೆಲಸ, ಯಾವುದು ದೆಹಲಿಯ ಕೆಲಸ ಎಂದು ಬೇರ್ಪಡಿಸಿಕೊಳ್ಳಬೇಕು. ನಮ್ಮ ಮನೆಗಳ ಮಾತಿನಲ್ಲಿ ಎಲ್ಲ ಒಂದೇ ಪಾತ್ರೆಗೆ ಬೀಳುತ್ತದೆ. ಚೂರಿಯ ಮದರಸ ಅಧ್ಯಾಪಕ ರಿಯಾಝ್ ಮೌಲವಿಯವರ ಕೊಲೆ ನಡೆದದ್ದು 2017ರಲ್ಲಿ. ಮೂವರು ಆರೋಪಿಗಳನ್ನೂ ಕಾಸರಗೋಡಿನ ನ್ಯಾಯಾಲಯ 2024ರ ಮಾರ್ಚ್ 30ರಂದು ಬಿಡುಗಡೆ ಮಾಡಿತು. ಆ ತೀರ್ಪು ಕೇಳಿ ನೊಂದವರಲ್ಲಿ ನಾನೂ ಒಬ್ಬಳು. ಆದರೆ ತನಿಖೆ, ಸರಕಾರಿ ವಕೀಲರು, ಮೇಲ್ಮನವಿ ಎಲ್ಲ ರಾಜ್ಯ ಸರಕಾರದ್ದು. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳಿಸುವುದು, ಎಂಡೋಸಲ್ಫಾನ್ ಬಾಧಿತರ ಔಷಧಿ ಮತ್ತು ಪಿಂಚಣಿ, 2013ರಲ್ಲಿ ಶಿಲಾನ್ಯಾಸವಾದರೂ 2024ರವರೆಗೂ ಒಬ್ಬ ಎಂಬಿಬಿಎಸ್ ವಿದ್ಯಾರ್ಥಿಯನ್ನು ಕಾಣದಿದ್ದ ಉಕ್ಕಿನಡ್ಕದ ಮೆಡಿಕಲ್ ಕಾಲೇಜು, ಇವೂ ಮುಖ್ಯವಾಗಿ ರಾಜ್ಯದ್ದು. ಕಾಲೇಜಿಗೆ ಕಲ್ಲು ಹಾಕಿದ್ದು ಯುಡಿಎಫ್, ಎಳೆದದ್ದು ಎಲ್‌ಡಿಎಫ್. ಇಬ್ಬರೂ ಜವಾಬು ಹೇಳಬೇಕು, ಆದರೆ ಅದರ ಪರೀಕ್ಷೆ ವಿಧಾನಸಭೆಯದ್ದು. ಆಚೆ ಕಡೆಯವರು ಗೃಹಲಕ್ಷ್ಮಿಯ ಎರಡು ಸಾವಿರವನ್ನು ನೋಡಿ ಲೋಕಸಭೆಗೆ ಓಟು ಹಾಕುವುದೂ ಇದೇ ರೀತಿಯ ಗಲಿಬಿಲಿ.

ಹಾಗಾದರೆ ಪಾರ್ಲಿಮೆಂಟಿನ ಕೆಲಸ ಯಾವುದು? ನಮ್ಮ ಮನೆಗೆ ತಾಗುವ ನಾಲ್ಕನ್ನು ತೆಗೆದುಕೊಳ್ಳುತ್ತೇನೆ.

ಮೊದಲನೆಯದು ಪೌರತ್ವ ಮತ್ತು ನಮ್ಮ ಶರೀಅತ್ ಕಾನೂನು. 2019ರ ಡಿಸೆಂಬರ್‌ನಲ್ಲಿ ಪಾಸಾದ ಪೌರತ್ವ ತಿದ್ದುಪಡಿ ಕಾಯ್ದೆಗೆ ಕೇಂದ್ರ ಸರಕಾರ ನಿಯಮ ಹೊರಡಿಸಿದ್ದು 2024ರ ಮಾರ್ಚ್ 11ಕ್ಕೆ, ನೋಂಬು ಶುರುವಾಗುವ ಹೊತ್ತಿಗೆ, ಓಟಿನ ದಿನಾಂಕ ಸಾರುವ ಮೊದಲು. ಬಿಜೆಪಿಯ ಪ್ರಣಾಳಿಕೆ ಏಪ್ರಿಲ್ 14ರಂದು ಬಂತು. ಅದರಲ್ಲಿ ಏಕರೂಪ ನಾಗರಿಕ ಸಂಹಿತೆಯ ಭರವಸೆ ಇದೆ. ಅವರು ಮುಚ್ಚಿಟ್ಟು ಹೇಳಿಲ್ಲ, ಅಷ್ಟರ ಮಟ್ಟಿಗೆ ಲೆಕ್ಕ ಸರಳ. ಸಿಪಿಎಂ ತನ್ನ ಪ್ರಣಾಳಿಕೆಯಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯನ್ನೂ ಯುಎಪಿಎಯನ್ನೂ ರದ್ದು ಮಾಡುತ್ತೇವೆ ಎಂದು ನೇರವಾಗಿ ಬರೆದಿದೆ. ಕಾಂಗ್ರೆಸ್ಸಿನ 'ನ್ಯಾಯ ಪತ್ರ'ದಲ್ಲಿ ಪೌರತ್ವ ಕಾಯ್ದೆಯ ಹೆಸರೇ ಇಲ್ಲ. ಪಾರ್ಲಿಮೆಂಟಿನಲ್ಲಿ ಅವರು ಅದರ ವಿರುದ್ಧ ಓಟು ಹಾಕಿದ್ದು ನಿಜ. ವೈಯಕ್ತಿಕ ಕಾನೂನಿನ ಸುಧಾರಣೆ ಆಯಾ ಸಮುದಾಯದ ಒಪ್ಪಿಗೆಯಿಂದಲೇ ಆಗಬೇಕು ಎಂದು ಬರೆದಿರುವುದೂ ನಿಜ. ಆದರೆ ವಿರುದ್ಧ ಓಟು ಹಾಕಿದವರಿಗೆ ಅದನ್ನು ಕಾಗದದ ಮೇಲೆ ಬರೆಯಲು ಏನು ಸಂಕೋಚ? ಉತ್ತರ ಭಾರತದ ಓಟು ಹೋಗುತ್ತದೆ ಎಂಬ ಲೆಕ್ಕ ಇರಬಹುದು. ಅದು ಅವರ ಲೆಕ್ಕ, ನಮ್ಮದಲ್ಲ.

2024ರ ಏಪ್ರಿಲ್ 3ರಂದು ಕಲ್ಪೆಟ್ಟದಲ್ಲಿ ರಾಹುಲ್ ಗಾಂಧಿಯವರ ಮೆರವಣಿಗೆಯಲ್ಲಿ ಲೀಗಿನ ಹಸಿರು ಬಾವುಟ ಕಾಣಲಿಲ್ಲ. ಕಾಂಗ್ರೆಸ್ಸಿನ ಬಾವುಟವೂ ಕಾಣಲಿಲ್ಲ ಎನ್ನುವುದನ್ನೂ ಹೇಳಬೇಕು. ಆದರೂ ನಮ್ಮ ಕಡೆಯ ಲೀಗಿನ ಹಳಬರು ಅದನ್ನು ಹೇಗೆ ನುಂಗಿಕೊಂಡರು ಎಂದು ನೋಡಿದ್ದೇನೆ. ಹಾಗೆಂದು ಎಡಪಕ್ಷದವರು ಎದೆ ಉಬ್ಬಿಸುವಂತೆಯೂ ಇಲ್ಲ. ಪೌರತ್ವ ಕಾಯ್ದೆಯ ವಿರುದ್ಧ ಬೀದಿಗಿಳಿದವರ ಮೇಲೆ ಕೇರಳ ಪೊಲೀಸರು ಹಾಕಿದ ಮೊಕದ್ದಮೆಗಳು 800ಕ್ಕೂ ಹೆಚ್ಚು. ಹಿಂತೆಗೆಯುತ್ತೇವೆ ಎಂದ ಮೇಲೂ ವರ್ಷಗಟ್ಟಲೆ ಕೋರ್ಟಿಗೆ ಅಲೆದ ಹುಡುಗರಿದ್ದಾರೆ. ಕಾಯ್ದೆಗೆ ವಿರೋಧ, ಕಾಯ್ದೆಯನ್ನು ವಿರೋಧಿಸಿದವನ ಮೇಲೂ ಕೇಸು. ಇದರ ಜೊತೆಗೆ ಸಂಖ್ಯೆಯ ಮಾತೂ ಇದೆ. 2019ರಲ್ಲಿ ಸಿಪಿಎಂಗೆ ದೇಶದಲ್ಲಿ ಸಿಕ್ಕಿದ್ದು 3 ಸೀಟು, ಕಾಂಗ್ರೆಸ್ಸಿಗೆ 52. ಬರೆದುಕೊಟ್ಟವರ ಕೈಯಲ್ಲಿ ಬಲ ಕಡಿಮೆ, ಹೆಚ್ಚು ಬಲ ಇರುವವರು ಬರೆದುಕೊಟ್ಟಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ನಿಜವಾದ ಗೊಂದಲ ಇದು.

ಎರಡನೆಯದು ಮಕ್ಕಳ ವಿದ್ಯಾರ್ಥಿವೇತನ. ನಾನು ನಿವೃತ್ತಿಯಾಗುವ ತನಕ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಪಾಠ ಮಾಡಿದವಳು. ಅಲ್ಪಸಂಖ್ಯಾತ ಮಕ್ಕಳ ಪ್ರಿ-ಮೆಟ್ರಿಕ್ ಸ್ಕಾಲರ್‌ಶಿಪ್ ಅರ್ಜಿಯನ್ನು ಎಷ್ಟು ಮಕ್ಕಳಿಗೆ ತುಂಬಿ ಕೊಟ್ಟಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. 2022-23ರಿಂದ ಕೇಂದ್ರ ಸರಕಾರ ಅದನ್ನು 9 ಮತ್ತು 10ನೇ ತರಗತಿಗೆ ಮಾತ್ರ ಸೀಮಿತಗೊಳಿಸಿತು. 8ನೇ ತರಗತಿಯವರೆಗೆ ಶಿಕ್ಷಣ ಹಕ್ಕು ಕಾಯ್ದೆಯಂತೆ ಎಲ್ಲರಿಗೂ ಉಚಿತ ಶಿಕ್ಷಣ ಇದೆಯಲ್ಲ ಎಂಬುದು ಅವರು ಕೊಟ್ಟ ಕಾರಣ. ಕೇಳಲು ಸರಿಯೇ. ಆದರೆ ಆ ಹಣ ಫೀಸಿಗೆ ಹೋಗುತ್ತಿರಲಿಲ್ಲ. ಕೊಡೆ, ಚಪ್ಪಲಿ, ಚೀಲ, ನೋಟ್ ಪುಸ್ತಕಕ್ಕೆ ಹೋಗುತ್ತಿತ್ತು. ಮೊತ್ತ ಸಣ್ಣದು. ಆದರೂ ಬೀಡಿ ಕಟ್ಟಿ ಮನೆ ನಡೆಸುವ ಉಮ್ಮಂದಿರು "ಈ ವರ್ಷ ಫಾರಂ ಬರಲಿಲ್ಲವಾ ಟೀಚರೇ?" ಎಂದು ಶಾಲೆಯ ಗೇಟಿನ ತನಕ ಬಂದು ಕೇಳುತ್ತಿದ್ದರು. ಅದೇ 2022ರ ಡಿಸೆಂಬರ್‌ನಲ್ಲಿ ಸಂಶೋಧನೆ ಮಾಡುವ ಮಕ್ಕಳ ಮೌಲಾನಾ ಆಜಾದ್ ಫೆಲೋಶಿಪ್ಪನ್ನೂ ನಿಲ್ಲಿಸಿದರು. ಬೇರೆ ಯೋಜನೆಗಳಿವೆ, ಇದು ಅದರ ಮೇಲೊಂದು ಎಂಬುದು ಕಾರಣ. ನಮ್ಮ ಹೆಣ್ಣುಮಕ್ಕಳು ಈಗಷ್ಟೇ ಪಿಎಚ್‌ಡಿಯ ಬಾಗಿಲಿಗೆ ಬಂದು ನಿಂತ ಹೊತ್ತು ಅದು.

ಕಾಂಗ್ರೆಸ್ಸಿನ ಪ್ರಣಾಳಿಕೆಯಲ್ಲಿ ವಿದೇಶದಲ್ಲಿ ಓದುವವರಿಗೆ ಆಜಾದ್ ಹೆಸರಿನ ವಿದ್ಯಾರ್ಥಿವೇತನ ಮತ್ತೆ ಕೊಡುವ, ಸಂಖ್ಯೆ ಹೆಚ್ಚಿಸುವ ಮಾತಿದೆ. ಒಳ್ಳೆಯದು. ನಮ್ಮ ಬಾಗಿಲಿಗೆ ಬರುವವರನ್ನು ನಾನು ಕೇಳುವುದು ಇನ್ನೂ ಕೆಳಗಿನ ಮೆಟ್ಟಿಲಿನ ಬಗ್ಗೆ: ಒಂದರಿಂದ ಎಂಟರವರೆಗಿನ ಮಕ್ಕಳ ಆ ಸಣ್ಣ ಮೊತ್ತದ ಬಗ್ಗೆ ನಿಮ್ಮ ಅಭ್ಯರ್ಥಿ ಸದನದಲ್ಲಿ ಒಂದು ಪ್ರಶ್ನೆ ಹಾಕುತ್ತಾರೆಯೇ? ಇದು ಎರಡೂ ಪಕ್ಷಗಳಿಗೆ ಸಮಾನ ಪ್ರಶ್ನೆ.

ಮೂರನೆಯದು ಗಲ್ಫ್. ಇದು ನಮ್ಮ ಊಟದ ಬಟ್ಟಲಿನ ವಿಷಯ, ಆದರೆ ಓಟಿನ ಮಾತಿನಲ್ಲಿ ಬರುವುದೇ ಇಲ್ಲ. ಮಂಗಳೂರು ವಿಮಾನ ನಿಲ್ದಾಣದಲ್ಲಿ ವಿದೇಶಿ ಕಂಪೆನಿಗಳ ವಿಮಾನ ಇಳಿಯುವುದಿಲ್ಲ. 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರಿನಲ್ಲೂ ಅದಕ್ಕೆ ಕೇಂದ್ರದ ಅನುಮತಿ ಇಲ್ಲ. ಹಾಗಾಗಿ ರಜೆಯಲ್ಲಿ, ಪೆರ್ನಾಲ್ ಹೊತ್ತಿನಲ್ಲಿ ಟಿಕೆಟಿಗೆ ಕೇಳಿದಷ್ಟು ಕೊಡಬೇಕು. ಯಾವ ದೇಶದ ವಿಮಾನ ಎಲ್ಲಿ ಇಳಿಯಬೇಕು ಎಂಬುದು ಪೂರ್ತಿ ದೆಹಲಿಯ ತೀರ್ಮಾನ. ಸಂಸದರು ಒತ್ತಾಯಿಸಬಹುದಾದ, ಗೆಲ್ಲಬಹುದಾದ ವಿಷಯ. ಇನ್ನು ಓಟು: ಹೊರದೇಶದಲ್ಲಿರುವವರು ಪಟ್ಟಿಯಲ್ಲಿ ಹೆಸರು ಸೇರಿಸಬಹುದು, ಆದರೆ ಹಾಕಲು ಊರಿಗೇ ಬರಬೇಕು. ಬದಲಿಯವರ ಮೂಲಕ ಓಟು ಹಾಕುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಪಾಸಾಗಿ, ಆ ಲೋಕಸಭೆ ಮುಗಿದಾಗ ಬಿದ್ದುಹೋಯಿತು. ನನ್ನ ಮಗ ದುಬೈಯಲ್ಲಿದ್ದಾನೆ. ಮನೆಯವರು ಯಾರಿಗೆ ಹಾಕಬೇಕು ಎಂದು ವಾಟ್ಸ್‌ಆ್ಯಪ್‌ನಲ್ಲಿ ದಿನಕ್ಕೆ ಹತ್ತು ಸಂದೇಶ ಕಳಿಸುತ್ತಾನೆ. ತನ್ನ ಟಿಕೆಟಿನ ದರ ಯಾರ ಕೈಯಲ್ಲಿದೆ ಎಂದು ಮಾತ್ರ ಯಾರನ್ನೂ ಕೇಳಿಲ್ಲ.

ನಾಲ್ಕನೆಯದು ರಸ್ತೆ, ರೈಲು, ಆಸ್ಪತ್ರೆ. ಇಲ್ಲಿ ಕೊಡಬೇಕಾದವರಿಗೆ ಕೊಡಬೇಕಾದದ್ದನ್ನು ಕೊಟ್ಟೇ ಮಾತಾಡಬೇಕು. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿಯನ್ನು ಆರು ಪಥವಾಗಿಸುವ ಕೆಲಸ ನಡೆದದ್ದು, ಕಾಸರಗೋಡಿಗೆ 2023ರಲ್ಲಿ ವಂದೇ ಭಾರತ್ ಬಂದದ್ದು, ಎರಡನೆಯದನ್ನು 2024ರ ಮಾರ್ಚ್‌ನಲ್ಲಿ ಮಂಗಳೂರಿನವರೆಗೆ ಓಡಿಸಿದ್ದು, ಇವೆಲ್ಲ ಈಗಿನ ಕೇಂದ್ರ ಸರಕಾರದ ಕಾಲದಲ್ಲೇ. ಹೆದ್ದಾರಿಯ ಜಾಗದ ಖರ್ಚಿನಲ್ಲಿ ಕಾಲು ಪಾಲು ಕೊಡಲು ಒಪ್ಪಿದ್ದು ಎಲ್‌ಡಿಎಫ್ ಸರಕಾರ. ಆದ್ದರಿಂದ "ನಾವೇ ಮಾಡಿದ್ದು" ಎನ್ನುವ ಎರಡೂ ಫ್ಲೆಕ್ಸ್ ಅರ್ಧರ್ಧ ಸತ್ಯ. ಆದರೆ ಹೆದ್ದಾರಿಯ ಒಂದು ಬದಿ ಮನೆ, ಇನ್ನೊಂದು ಬದಿ ಪಳ್ಳಿ, ಮದರಸ, ಅಂಗಡಿ ಇರುವವರು ದಾಟುವುದೆಲ್ಲಿ ಎಂದು ಕೇಳಿದಾಗ ಯಾರ ಫ್ಲೆಕ್ಸೂ ಉತ್ತರ ಹೇಳುವುದಿಲ್ಲ.

ಆಸ್ಪತ್ರೆಯ ಮಾತು ಬಂದರೆ 2020ರ ಮಾರ್ಚ್ ನೆನಪಾಗದ ಗಡಿಯವರು ಇಲ್ಲ. ತಲಪಾಡಿಯಲ್ಲಿ ಮಣ್ಣು ಸುರಿದು ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ನಮ್ಮ ಜಿಲ್ಲೆಯ ಹಲವರು ತೀರಿಕೊಂಡರು. ಕೊನೆಗೆ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. ರಸ್ತೆ ಮುಚ್ಚಿದ್ದು ಕರ್ನಾಟಕದ ಬಿಜೆಪಿ ಸರಕಾರ. ಆದರೆ ಒಂದು ಜಿಲ್ಲೆಯ ಜನ ಎದೆನೋವು ಬಂದರೆ ಇನ್ನೊಂದು ರಾಜ್ಯಕ್ಕೆ ಓಡಬೇಕಾದ ಸ್ಥಿತಿಯನ್ನು ಕೇರಳದ ಎರಡು ರಂಗಗಳೂ ಸೇರಿ ದಶಕಗಟ್ಟಲೆ ಕಟ್ಟಿವೆ. ಏಮ್ಸ್ ಬೇಕೆಂದು ಕಾಸರಗೋಡಿನವರು ಧರಣಿ ಕೂತರು. ರಾಜ್ಯ ಸರಕಾರ ಹೆಸರು ಕೊಟ್ಟದ್ದು ಕೋಝಿಕ್ಕೋಡ್ ಜಿಲ್ಲೆಯ ಕಿನಾಲೂರಿನದ್ದು. ಕೇಂದ್ರ ಕೇರಳಕ್ಕೆ ಈವರೆಗೆ ಕೊಟ್ಟದ್ದು ಸೊನ್ನೆ.

ಭಾಷೆಯ ಬಗ್ಗೆಯೂ ಒಂದು ಮಾತು. 1956ರಲ್ಲಿ ಕೇರಳಕ್ಕೆ ಸೇರಿದ ಈ ಕ್ಷೇತ್ರದಿಂದ ನಮ್ಮ ಕನ್ನಡ ಆಡುವವರು ದೆಹಲಿಗೆ ಹೋದದ್ದುಂಟು. ಸಿಪಿಎಂನ ರಾಮಣ್ಣ ರೈ 1980, 1989, 1991ರಲ್ಲಿ, ಕಾಂಗ್ರೆಸ್ಸಿನ ಐ. ರಾಮ ರೈ 1984ರಲ್ಲಿ ಗೆದ್ದಿದ್ದರು. 1996ರಿಂದ ಈಚೆಗೆ ಒಬ್ಬರೂ ಇಲ್ಲ. ಈ ಸಲ ಮೂರು ಮುಖ್ಯ ಅಭ್ಯರ್ಥಿಗಳಲ್ಲಿ ಗಡಿ ಭಾಗದಿಂದ ಬಂದವರು, ಕನ್ನಡ ಬಲ್ಲವರು ಬಿಜೆಪಿಯ ಎಂ.ಎಲ್. ಅಶ್ವಿನಿ. ಹೆಣ್ಣೂ ಹೌದು. ಎದುರಿನ ಎರಡು ಪಕ್ಷಗಳು ನಮ್ಮ ಭಾಷೆಯ ಒಬ್ಬರನ್ನು, ಒಬ್ಬ ಹೆಣ್ಣನ್ನು ಈ ಕ್ಷೇತ್ರದಲ್ಲಿ ಹುಡುಕಲು ಯಾಕೆ ಕಷ್ಟಪಡಲಿಲ್ಲ ಎಂದು ನಾವು ಗಟ್ಟಿಯಾಗಿ ಕೇಳಬೇಕು. ಅಶ್ವಿನಿಯವರ ಪಕ್ಷದ ಪ್ರಣಾಳಿಕೆಯ ಮುಂದೆ ಅವರ ಕನ್ನಡ ನನಗೆ ಸಾಲುವುದಿಲ್ಲ, ಅದು ಬೇರೆ ವಿಷಯ. ಭಾಷಾ ಅಲ್ಪಸಂಖ್ಯಾತರಿಗೆ ಸಂವಿಧಾನದ 350ಬಿ ವಿಧಿಯಲ್ಲಿ ಒಬ್ಬ ಆಯುಕ್ತರಿದ್ದಾರೆ, ಅವರ ವರದಿ ಪಾರ್ಲಿಮೆಂಟಿನ ಮುಂದೆ ಬರುತ್ತದೆ. ಮಲಯಾಳ ಮಾತಾಡುವ ಸಂಸದರಿಗೂ ಅದನ್ನು ಓದಿ ನಮ್ಮ ಶಾಲೆಗಳ ಬಗ್ಗೆ ಎದ್ದು ನಿಂತು ಮಾತಾಡಲು ಅಡ್ಡಿಯಿಲ್ಲ.

"ಇಷ್ಟೆಲ್ಲ ಪ್ರಶ್ನೆ ಕೇಳುತ್ತಾ ಕೂತರೆ ಓಟು ಒಡೆಯುತ್ತದೆ" ಎಂದು ಹಿರಿಯರು ಹೇಳುತ್ತಾರೆ. ಮಂಗಳೂರಿನಲ್ಲಿ ಆ ಮಾತಿಗೆ ತೂಕ ಇದೆ, ಮಂಜೇಶ್ವರದ ವಿಧಾನಸಭೆಗೂ ಇದೆ. ಮೇಲೆ ಕೊಟ್ಟ 2019ರ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಈ ಲೋಕಸಭಾ ಕ್ಷೇತ್ರದಲ್ಲಿ ಎರಡನೆಯವರಿಗೂ ಮೂರನೆಯವರಿಗೂ ನಡುವೆ ಎರಡೂವರೆ ಲಕ್ಷ ಓಟಿನ ಅಂತರ. ಮೊದಲಿಬ್ಬರ ನಡುವೆ ಇದ್ದದ್ದು ನಲವತ್ತು ಸಾವಿರ. ಅಂದರೆ ನಾವು ಆ ಕಡೆ ಈ ಕಡೆ ಹೋದರೆ ಬದಲಾಗುವುದು ಇವರಿಬ್ಬರ ಭವಿಷ್ಯ. ಅದು ಅವರಿಗೆ ಚೆನ್ನಾಗಿ ಗೊತ್ತು. ನಮಗೆ ಗೊತ್ತಿಲ್ಲ ಎಂಬುದೇ ಅವರ ಧೈರ್ಯ.

ಇನ್ನೊಂದು ಮಾತು ಮನೆಯ ಒಳಗಿನದ್ದು. ನಮ್ಮಲ್ಲಿ ಓಟಿನ ತೀರ್ಮಾನ ಆಗುವುದು ಅಂಗಡಿ ಜಗಲಿಯಲ್ಲಿ, ಪಳ್ಳಿಯ ಅಂಗಳದಲ್ಲಿ, ಗಲ್ಫಿನ ಗುಂಪುಗಳಲ್ಲಿ. ಹೆಂಗಸರಿಗೆ ಅದು ಗುರುತಾಗಿ ಮಾತ್ರ ಬರುತ್ತದೆ: "ಮೇಲಿನಿಂದ ಇಷ್ಟನೆಯದ್ದನ್ನು ಒತ್ತು." ಮೇಲೆ ಹೇಳಿದ ನಾಲ್ಕು ವಿಷಯಗಳಲ್ಲಿ ಮೂರನ್ನು ದಿನವೂ ಅನುಭವಿಸುವವರು ಮನೆಯಲ್ಲಿರುವವರೇ. ಶಾಲೆಯ ಗೇಟಿಗೆ ಹೋಗುವವರು, ಹೆದ್ದಾರಿ ದಾಟುವವರು, ಅತ್ತೆಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವವರು. ಅವರನ್ನು ಕೇಳದೆ ಮಾಡಿದ ಹೋಲಿಕೆ ಅರ್ಧ ಹೋಲಿಕೆ.

ನನ್ನ ತೂಕ ಇಲ್ಲಿಗೆ ಬಂದು ನಿಂತಿದೆ. ಬರೆದ ಮಾತಿನಲ್ಲಿ ಎಡಪಕ್ಷ ಮುಂದೆ. ದೆಹಲಿಯಲ್ಲಿ ಮಾಡಿ ತೋರಿಸುವ ಸಾಧ್ಯತೆಯಲ್ಲಿ ಕಾಂಗ್ರೆಸ್ ಮುಂದೆ. ರಸ್ತೆ ರೈಲಿನಲ್ಲಿ ಕೇಂದ್ರ ಸರಕಾರಕ್ಕೆ ಅಂಕ ಕೊಡುತ್ತೇನೆ, ಆದರೆ ಮೊದಲ ವಿಷಯದಲ್ಲೇ ಸೋತವರಿಗೆ ಉಳಿದ ಅಂಕಗಳಿಂದ ಪಾಸಾಗಲು ನನ್ನ ಲೆಕ್ಕದಲ್ಲಿ ಆಗುವುದಿಲ್ಲ. ಉಳಿದ ಇಬ್ಬರಲ್ಲಿ ಸ್ಕಾಲರ್‌ಶಿಪ್ ಮತ್ತು ವಿಮಾನ ನಿಲ್ದಾಣದ ಬಗ್ಗೆ ಯಾರ ಕಡೆಯವರು ನೇರ ಉತ್ತರ ಕೊಡುತ್ತಾರೋ ಅವರಿಗೆ ನನ್ನ ಓಟು. ಈ ತನಕ ಮನೆಗೆ ಬಂದ ಎರಡೂ ತಂಡಗಳವರು "ಕೇಳಿ ಹೇಳುತ್ತೇವೆ ಟೀಚರೇ" ಎಂದು ಹೋಗಿದ್ದಾರೆ. ನಾನು ಕಾಯುತ್ತಿದ್ದೇನೆ. ನೀವೂ ಕೇಳಿ. ಹತ್ತು ಮನೆಯವರು ಒಂದೇ ಪ್ರಶ್ನೆ ಕೇಳಿದರೆ ಅದು ಅವರ ಪಕ್ಷದ ಕಚೇರಿಗೆ ಮುಟ್ಟುತ್ತದೆ.

ಕೊನೆಯದಾಗಿ ಕೆಲವು ಕೆಲಸದ ಮಾತುಗಳು. ಓಟು ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ. ಜುಮಾದ ಹೊತ್ತಿಗೆ ಗಂಡಸರೆಲ್ಲ ಪಳ್ಳಿಯಲ್ಲಿರುತ್ತಾರೆ, ಅದು ಮುಗಿದ ಮೇಲೆ ಬಿಸಿಲೂ ಸಾಲೂ ಒಟ್ಟಿಗೆ ಸಿಗುತ್ತವೆ. ಆದ್ದರಿಂದ ಸುಬಹಿ ಮುಗಿಸಿ ಚಾ ಕುಡಿದು ಹೊರಡುವುದು ಒಳ್ಳೆಯದು. ಅಡುಗೆ ಆದ ಮೇಲೆ ಎಂದು ಹೆಂಗಸರನ್ನು ಕೊನೆಗೆ ಇಡಬೇಡಿ. ಮದುವೆಯಾಗಿ ಗಡಿ ದಾಟಿ ಬಂದವರ ಹೆಸರು ಎರಡು ಕಡೆಯ ಪಟ್ಟಿಯಲ್ಲೂ ಉಳಿದಿರುವುದುಂಟು. ಎರಡು ಕಡೆ ಹಾಕುವುದು ಅಪರಾಧ, ಈಗ ಇರುವ ಊರಿನಲ್ಲಿ ಮಾತ್ರ ಹಾಕಿ, ಇನ್ನೊಂದನ್ನು ತೆಗೆಸಿ. 85 ದಾಟಿದವರಿಗೆ ಮನೆಯಲ್ಲೇ ಓಟು ಹಾಕುವ ಅನುಕೂಲ ಈ ಸಲ ಇತ್ತು. ಅರ್ಜಿ ಕೊಡದೆ ಉಳಿದಿದ್ದರೆ ಅವರನ್ನು ಬೂತಿಗೆ ಕರೆದುಕೊಂಡು ಹೋಗಲು ಯಾರು ಎಂದು ಇವತ್ತೇ ಮಾತಾಡಿಕೊಳ್ಳಿ.

ಫಲಿತಾಂಶ 2024ರ ಜೂನ್ 4ಕ್ಕೆ. ಗೆದ್ದವರು ಯಾರೇ ಆಗಲಿ, ಅವರು ಮೊದಲ ಸಲ ಉಪ್ಪಳಕ್ಕೆ ಧನ್ಯವಾದ ಹೇಳಲು ಬಂದಾಗ ಮಾಲೆಯ ಜೊತೆಗೆ ಈ ನಾಲ್ಕು ಪ್ರಶ್ನೆ ಬರೆದ ಕಾಗದವನ್ನೂ ಕೈಗೆ ಕೊಡಬೇಕು ಎಂದಿದ್ದೇನೆ. ಕನ್ನಡದಲ್ಲೇ ಬರೆದಿಟ್ಟಿದ್ದೇನೆ. ಮಲಯಾಳಕ್ಕೆ ಮಾಡಿಸಿಕೊಳ್ಳುವ ಕೆಲಸ ಅವರದ್ದು.